ಹಳೆಯ ಇಂಗ್ಲಿಷಿನ ಕೋಪದ ಪದಗಳು: ಯಾವ ಸಿಟ್ಟಿಗೆ ಯಾವ ಪದ

ಇಂಗ್ಲಿಷಿನ ಹಳೆಯ ಕಾವ್ಯವನ್ನೋ ನಾಟಕವನ್ನೋ ಕನ್ನಡಕ್ಕೆ ತರಲು ಕುಳಿತವರಿಗೂ ಅವನ್ನು ತರಗತಿಯಲ್ಲಿ ಪಾಠ ಹೇಳುವವರಿಗೂ ಬಲು ಬೇಗ ಎದುರಾಗುವ ತೊಡಕು ಕೋಪದ ಪದಗಳದ್ದು. 'ಆ್ಯಂಗರ್', 'ರಾಥ್', 'ಐರ್', 'ರೇಜ್', 'ಫ್ಯೂರಿ', 'ಕಾಲರ್' ಇವುಗಳಲ್ಲಿ ಯಾವುದನ್ನು ನಿಘಂಟಿನಲ್ಲಿ ತೆರೆದು ನೋಡಿದರೂ ಕೋಪ, ಸಿಟ್ಟು, ಕ್ರೋಧ, ರೋಷ ಎಂಬ ಅರ್ಥಗಳೇ ಹಿಂದುಮುಂದಾಗಿ ನಿಂತಿರುತ್ತವೆ. ಹೀಗಾಗಿ ಬಹಳ ಮಂದಿ ಈ ಪದಗಳನ್ನು ಒಂದು ಏಣಿಯಂತೆ ಜೋಡಿಸಿಕೊಳ್ಳುತ್ತಾರೆ: ಕೆಳಗಿನ ಮೆಟ್ಟಿಲಲ್ಲಿ 'ಆ್ಯಂಗರ್', ಅದಕ್ಕಿಂತ ಮೇಲೆ 'ರೇಜ್', ತುತ್ತತುದಿಯಲ್ಲಿ 'ಫ್ಯೂರಿ'. ಈ ಏಣಿಯೇ ಆಯ್ಕೆಯನ್ನು ಕೆಡಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಪದಗಳು ಕೋಪದ ಅಳತೆಯಲ್ಲಿ ಬೇರೆಯಾಗುವುದಕ್ಕಿಂತ ಹೆಚ್ಚಾಗಿ, ಕೋಪಗೊಂಡ ಮನುಷ್ಯನಿಗೆ ಏನಾಗುತ್ತದೆ ಎಂಬ ಕಲ್ಪನೆಯಲ್ಲಿಯೇ ಬೇರೆಯಾಗುತ್ತವೆ. ಒಂದರಲ್ಲಿ ಅವನ ಎದೆ ಬಿಗಿಯುತ್ತದೆ, ಇನ್ನೊಂದರಲ್ಲಿ ಮನಸ್ಸು ತಿರುಚಿಕೊಳ್ಳುತ್ತದೆ, ಮತ್ತೊಂದರಲ್ಲಿ ಅವನು ದಾರಿ ತಪ್ಪುತ್ತಾನೆ, ಮಗದೊಂದರಲ್ಲಿ ಅವನ ಪಿತ್ತ ಏರುತ್ತದೆ.

'ಹಳೆಯ ಇಂಗ್ಲಿಷ್' ಎಂಬ ಮಾತಿಗೆ ಎರಡು ಅರ್ಥಗಳಿವೆ. ವಿದ್ವಾಂಸರು ಆ ಹೆಸರಿನಿಂದ ಕರೆಯುವುದು ಸುಮಾರು 5ನೆಯ ಶತಮಾನದಿಂದ 12ನೆಯ ಶತಮಾನದವರೆಗೆ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಆಂಗ್ಲೋ-ಸ್ಯಾಕ್ಸನ್ ಭಾಷೆಯನ್ನು. ಇಂದಿನ ಇಂಗ್ಲಿಷ್ ಬಲ್ಲವರು ವಿಶೇಷ ಅಭ್ಯಾಸವಿಲ್ಲದೆ ಅದನ್ನು ಓದಲಾರರು. ಸಾಮಾನ್ಯರ ಮಾತಿನಲ್ಲಿ 14ನೆಯ ಶತಮಾನದ ಕವಿ ಚಾಸರ್, ಷೇಕ್ಸ್‌ಪಿಯರ್ ಮತ್ತು 1611ರ ಬೈಬಲ್ ಅನುವಾದದ ಭಾಷೆಯೂ 'ಹಳೆಯ ಇಂಗ್ಲಿಷ್' ಎನಿಸಿಕೊಳ್ಳುತ್ತದೆ. ಮೊದಲನೆಯದನ್ನು ಇಲ್ಲಿ ಆಂಗ್ಲೋ-ಸ್ಯಾಕ್ಸನ್ ಎಂದೇ ಕರೆಯುತ್ತೇನೆ. ಕೋಪದ ಪದಗಳ ಚರಿತ್ರೆಯಲ್ಲಿ ಈ ಎರಡು ಕಾಲಗಳ ನಡುವೆ ದೊಡ್ಡ ಬಿರುಕಿದೆ. 9ನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರು ಒಂದು ಕಡೆಯಿಂದ, 1066ರ ನಂತರ ಆಳಲು ಬಂದ ಫ್ರೆಂಚ್ ಮಾತಿನ ನಾರ್ಮನ್ನರು ಇನ್ನೊಂದು ಕಡೆಯಿಂದ, ಕೋಪಕ್ಕಿದ್ದ ಸ್ಥಳೀಯ ಪದಗಳಲ್ಲಿ ಹೆಚ್ಚಿನವನ್ನು ಮೂಲೆಗೆ ತಳ್ಳಿಬಿಟ್ಟರು.

'ಆ್ಯಂಗರ್' ಮತ್ತು 'ರಾಥ್'

ಇಂದು ಮಕ್ಕಳ ಬಾಯಲ್ಲೂ ಓಡಾಡುವ 'ಆ್ಯಂಗರ್' ಇಂಗ್ಲಿಷಿನ ಮನೆಮಾತಲ್ಲ. ಅದು ಸ್ಕ್ಯಾಂಡಿನೇವಿಯನ್ನರ ಹಳೆಯ ನಾರ್ಸ್ ಭಾಷೆಯ 'ಆಂಗರ್' ಎಂಬ ಪದದಿಂದ ಬಂದದ್ದು. ಆ ಭಾಷೆಯಲ್ಲಿ ಅದರ ಅರ್ಥ ದುಃಖ, ಸಂಕಟ, ತೊಂದರೆ. 1200ರ ಸುಮಾರಿಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಾಗಲೂ ಅದು ಸಂಕಟವನ್ನೇ ಸೂಚಿಸುತ್ತಿತ್ತು. ಕೋಪದ ಅರ್ಥ ಅದಕ್ಕೆ ಅಂಟಿಕೊಂಡದ್ದು ಅಲ್ಲಿಂದ ಸುಮಾರು ಒಂದು ಶತಮಾನದ ತರುವಾಯ. ಇನ್ನೂ ಆಳಕ್ಕೆ ಇಳಿದರೆ ಇಂಡೋ-ಯುರೋಪಿಯನ್ ಭಾಷೆಗಳಿಗೆಲ್ಲ ಸಮಾನವಾದ ಒಂದು ಧಾತು ಸಿಗುತ್ತದೆ. ಇಕ್ಕಟ್ಟು, ಬಿಗಿತ, ಉಸಿರುಗಟ್ಟುವಿಕೆ ಎಂಬುದು ಆ ಧಾತುವಿನ ಅರ್ಥ. ಕತ್ತು ಹಿಸುಕುವುದಕ್ಕಿರುವ ಲ್ಯಾಟಿನ್ ಕ್ರಿಯಾಪದ, ಭಯಕ್ಕಿರುವ ಜರ್ಮನ್ 'ಆಂಗ್ಸ್ಟ್', ಇಂಗ್ಲಿಷಿನ 'ಆ್ಯಂಗ್ವಿಶ್' ಮತ್ತು 'ಆ್ಯಂಕ್ಷಸ್', ಎದೆ ಹಿಂಡಿದಂತಾಗುವ ಹೃದಯದ ಬೇನೆಗೆ ವೈದ್ಯರು ಹೇಳುವ 'ಆಂಜೈನಾ' ಇವೆಲ್ಲ ಆ ಒಂದೇ ಕುಟುಂಬದ ಮಕ್ಕಳು. ಸಂಸ್ಕೃತದ 'ಅಂಹಸ್' ಕೂಡ ಅಲ್ಲಿಯದೇ. ವೇದದಲ್ಲಿ ಸಂಕಟವನ್ನು ಸೂಚಿಸುತ್ತಿದ್ದ ಆ ಪದ ಮುಂದೆ ಪಾಪ ಎಂಬ ಅರ್ಥಕ್ಕೆ ತಿರುಗಿತು. ಆಂಗ್ಲೋ-ಸ್ಯಾಕ್ಸನ್ನರಲ್ಲಿಯೂ ಈ ಧಾತು ಕೋಪದ ಅರ್ಥವಿಲ್ಲದೆ ಬದುಕಿತ್ತು ಎಂಬುದಕ್ಕೆ ಒಂದು ಚಿಕ್ಕ ಪುರಾವೆಯಿದೆ. ಉಗುರಿನ ಬದಿಯಲ್ಲಿ ಸಿಬಿರೆದ್ದು ನೋಯುವ ಚರ್ಮಕ್ಕೆ ಇಂಗ್ಲಿಷಿನವರು ಹೇಳುವ 'ಹ್ಯಾಂಗ್‌ನೇಲ್' ಎಂಬುದರ ಹಳೆಯ ರೂಪ 'ಆಂಗ್‌ನೇಲ್'. ಅದರ ಮೊದಲ ಭಾಗಕ್ಕೂ ನೇತಾಡುವುದಕ್ಕೂ ಸಂಬಂಧವಿಲ್ಲ. ಅದು ಬಿಗಿತದ, ನೋವಿನ ಮಾತು.

'ರಾಥ್' ಇದಕ್ಕೆ ವ್ಯತಿರಿಕ್ತವಾಗಿ ಅಪ್ಪಟ ಆಂಗ್ಲೋ-ಸ್ಯಾಕ್ಸನ್ ಪದ. ಕುಪಿತ ಎಂಬ ಅರ್ಥದ 'ರಾಥ್' ಎಂಬ ವಿಶೇಷಣ, ಅಂದರೆ ಇಂದಿನ 'ರೋಥ್', ಅದರ ತಾಯಿ. ಆ ವಿಶೇಷಣದ ಮೂಲದಲ್ಲಿರುವುದು ತಿರುಚುವ, ಹೊಸೆಯುವ ಕ್ರಿಯೆ. ನೋವಿನಿಂದ ಮೈ ಹೊರಳಾಡಿಸುವುದಕ್ಕಿರುವ 'ರೈದ್', ಹೂವೆಲೆಗಳನ್ನು ಸುತ್ತಿ ಹೆಣೆದ ಮಾಲೆಗಿರುವ 'ರೀತ್' ಎರಡೂ ಇದರ ನಂಟರು. ಸ್ಕಾಟ್ಲೆಂಡಿನ ವಾಯವ್ಯ ತುದಿಯಲ್ಲಿರುವ ಕೇಪ್ ರಾಥ್ ಎಂಬ ಭೂಶಿರಕ್ಕೆ ಅಲ್ಲಿನ ಸಮುದ್ರದ ಮುನಿಸಿನಿಂದ ಆ ಹೆಸರು ಬಂದಿತೆಂದು ಅನೇಕರು ಊಹಿಸುತ್ತಾರೆ. ಹಾಗಲ್ಲ; ಅದು ಹಡಗುಗಳು ದಿಕ್ಕು ಬದಲಿಸುವ ತಿರುವಿಗೆ ನಾರ್ಸ್ ಭಾಷೆಯಲ್ಲಿದ್ದ ಬೇರೆಯೇ ಪದ, ಕಾಲಾಂತರದಲ್ಲಿ ಈ ರೂಪ ತಾಳಿದೆ.

ಆಯ್ಕೆಯ ಮಾತಿಗೆ ಬಂದರೆ, ಇವೆರಡರ ನಡುವಿನ ಗೆರೆ ಬಹುಮಟ್ಟಿಗೆ ಸ್ಪಷ್ಟವಾಗಿದೆ. 'ಆ್ಯಂಗರ್' ಯಾರಿಗೂ ಬರಬಹುದು, ಬಂದು ಹೋಗಬಹುದು, ಒಳಗೇ ಉಳಿಯಲೂಬಹುದು. ಅದರಲ್ಲಿ ಇಂದಿಗೂ ಸಂಕಟದ ಎಳೆಯೊಂದು ಉಳಿದಿದೆ. 'ರಾಥ್' ಬರಬೇಕಾದರೆ ಅದಕ್ಕೆ ತಕ್ಕ ಎತ್ತರದ ಪಾತ್ರ ಬೇಕು: ದೇವರು, ಅರಸು, ಹಿರಿಯ ವೀರ, ಕೆಲವೊಮ್ಮೆ ಪ್ರಕೃತಿ. ಅದರ ಬೆನ್ನಿಗೆ ದಂಡನೆ ಇದ್ದೇ ಇರುತ್ತದೆ. ಕೈಲಾಗದವನ ಕೋಪಕ್ಕೆ ಆ ಹೆಸರು ಒಪ್ಪುವುದಿಲ್ಲ. ಕ್ರೈಸ್ತ ಧರ್ಮದ ಮಹಾಪಾಪಗಳ ಪಟ್ಟಿಯಲ್ಲಿ ಕೋಪಕ್ಕೆ ಇಂಗ್ಲಿಷಿನಲ್ಲಿ ನಿಂತ ಹೆಸರೂ 'ರಾಥ್' ಆದದ್ದರಿಂದ ಧರ್ಮಗ್ರಂಥದ ಗಾಂಭೀರ್ಯವೂ ಅದಕ್ಕೆ ಸೇರಿಕೊಂಡಿದೆ. ಕನ್ನಡದಲ್ಲಿ ನಾನು 'ಆ್ಯಂಗರ್' ಇದ್ದಲ್ಲಿ ಸಿಟ್ಟು ಅಥವಾ ಕೋಪವನ್ನೂ 'ರಾಥ್' ಇದ್ದಲ್ಲಿ ಕ್ರೋಧವನ್ನೂ ಮೊದಲು ಇಟ್ಟು ನೋಡುತ್ತೇನೆ. ರೌದ್ರರಸದ ಸ್ಥಾಯಿಭಾವವಾಗಿ ನಮ್ಮ ಕಾವ್ಯಮೀಮಾಂಸೆ ಎಣಿಸಿದ್ದು ಕ್ರೋಧವನ್ನೇ ಆದ್ದರಿಂದ ಆ ಪದಕ್ಕೆ ಬೇಕಾದ ಎತ್ತರ ಈಗಾಗಲೇ ಇದೆ.

ಆದರೆ ಹಳೆಯ ಗ್ರಂಥಗಳಲ್ಲಿ ಈ ಗೆರೆ ಯಾವಾಗಲೂ ನೇರವಾಗಿರುವುದಿಲ್ಲ. 1611ರ ಬೈಬಲಿನ ಜ್ಞಾನೋಕ್ತಿಗಳ 15ನೆಯ ಅಧ್ಯಾಯದ ಮೊದಲ ವಚನದಲ್ಲಿ, ಮೃದುವಾದ ಉತ್ತರವು 'ರಾಥ್' ಅನ್ನು ತಿರುಗಿಸುತ್ತದೆ, ಬಿರುನುಡಿಯು 'ಆ್ಯಂಗರ್' ಅನ್ನು ಎಬ್ಬಿಸುತ್ತದೆ ಎಂದಿದೆ. ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ಕೋಪಗೊಂಡರೂ ಪಾಪ ಮಾಡಬೇಡಿರಿ ಎಂಬಲ್ಲಿ 'ಆ್ಯಂಗ್ರಿ', ಸೂರ್ಯ ಮುಳುಗುವ ತನಕ ಉಳಿಸಿಕೊಳ್ಳಬೇಡಿರಿ ಎಂಬಲ್ಲಿ 'ರಾಥ್'. ಇಂಥ ಕಡೆ ಎರಡು ಪದಗಳ ನಡುವೆ ಸೂಕ್ಷ್ಮವಾದ ಸಿದ್ಧಾಂತವನ್ನು ಹುಡುಕುವುದಕ್ಕಿಂತ, ಒಂದೇ ಪದ ಎರಡು ಸಲ ಬಾರದಂತೆ ವಾಕ್ಯದ ಲಯ ಕಾಯ್ದುಕೊಂಡಿದೆ ಎಂದು ತಿಳಿದು ಕನ್ನಡದಲ್ಲಿಯೂ ಹಾಗೆಯೇ ಎರಡು ಬೇರೆ ಪದಗಳನ್ನಿಟ್ಟರೆ ಸಾಕು. ಆದಿಕಾಂಡದಲ್ಲಿ ಕಾಯಿನನ ವಿಷಯ ಬೇರೆ. ತನ್ನ ಕಾಣಿಕೆಯನ್ನು ದೇವರು ಮೆಚ್ಚದಿದ್ದಾಗ ಅವನು ಬಹಳ 'ರೋಥ್' ಆದನು, ಅವನ ಮುಖ ಕೆಳಗೆ ಬಿದ್ದಿತು ಎಂದು ಆ ಅನುವಾದ ಹೇಳುತ್ತದೆ. ಮುಖ ಬಾಡುವಷ್ಟು ಒಳಗೊಳಗೇ ತಿರುಚಿಕೊಂಡ ಕೋಪ ಅದು. ಕೊಲೆಯಲ್ಲಿ ಕೊನೆಗೊಳ್ಳುವ ಕೋಪವೂ ಹೌದು. ಅಲ್ಲಿ 'ಸಿಟ್ಟಾದನು' ಎಂದರೆ ಸಾಲದು. 'ಕನಲಿದನು' ಎಂಬುದು ಹತ್ತಿರ ಬರುತ್ತದೆ.

'ಐರ್': ಹೆಸರಿನ ಹೋಲಿಕೆಯ ಬಲೆ

'ಐರ್' ಬಗ್ಗೆ ಒಂದು ಎಚ್ಚರಿಕೆ ಅತ್ಯಗತ್ಯ. ಆಂಗ್ಲೋ-ಸ್ಯಾಕ್ಸನ್ನರಲ್ಲಿ ಕೋಪಕ್ಕೆ ಅತ್ಯಂತ ಬಳಕೆಯಲ್ಲಿದ್ದ ಪದಗಳಲ್ಲಿ ಒಂದು 'ಯುರ್ರೆ'. ಅದನ್ನು 'ಇರ್ರೆ' ಎಂದೂ ಬರೆಯುತ್ತಿದ್ದರು. ಇಂದಿನ 'ಐರ್' ಅದರ ಸಂತತಿಯೆಂದು ಯಾರಿಗಾದರೂ ಅನಿಸುವುದು ಸಹಜವಾದರೂ ಎರಡಕ್ಕೂ ರಕ್ತಸಂಬಂಧವಿಲ್ಲ. 'ಐರ್' ಲ್ಯಾಟಿನ್ನಿನ 'ಈರಾ' ಎಂಬುದರಿಂದ ಹಳೆಯ ಫ್ರೆಂಚ್ ಮೂಲಕ 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದದ್ದು. 'ಯುರ್ರೆ' ಎಂಬುದಾದರೋ ದಾರಿ ತಪ್ಪಿ ಅಲೆಯುವುದನ್ನು ಸೂಚಿಸುವ ಧಾತುವಿನದು. ತಪ್ಪು ಎಂಬ ಅರ್ಥದ ಲ್ಯಾಟಿನ್ ಮೂಲದ 'ಎರರ್', ದಾರಿ ತಪ್ಪಿದ, ಮತಿಗೆಟ್ಟ ಎಂಬ ಅರ್ಥದ ಜರ್ಮನ್ 'ಇರ್ರೆ' ಅದರ ಸೋದರ ಪದಗಳು. ಕೋಪಿಷ್ಠನೆಂದರೆ ತನ್ನ ದಾರಿ ಬಿಟ್ಟು ಆಚೆ ಸರಿದವನು ಎಂಬ ಈ ಕಲ್ಪನೆ ಎಷ್ಟು ಸೊಗಸಾಗಿದೆಯೋ, ಅದನ್ನು ಕಳೆದುಕೊಂಡ ಇಂಗ್ಲಿಷಿಗೆ ಅಷ್ಟೇ ನಷ್ಟವಾಗಿದೆ ಎಂದು ನನಗೆ ಅನಿಸುತ್ತದೆ. ಫ್ರೆಂಚರ ಪದ ಬಂದು ನೆಲೆಸಿತು, ಅದರಂತೆಯೇ ಕೇಳಿಸುತ್ತಿದ್ದ ಸ್ಥಳೀಯ ಪದ ಮಧ್ಯಕಾಲದಲ್ಲಿ ಕಣ್ಮರೆಯಾಯಿತು.

'ಐರ್' ಪದವನ್ನು ಹತ್ತಿರದಿಂದ ನೋಡಲು ಚಾಸರ್ ಒಳ್ಳೆಯ ಜಾಗ. ಅವನ ಕ್ಯಾಂಟರ್‌ಬರಿ ಕಥೆಗಳಲ್ಲಿ ಪಾದ್ರಿಯು ಕೋಪದ ಪಾಪವನ್ನು ವಿವರಿಸುತ್ತ, 'ಐರ್' ಎರಡು ಬಗೆ, ಒಂದು ಒಳ್ಳೆಯದು ಒಂದು ಕೆಟ್ಟದ್ದು, ಒಳ್ಳೆಯದರಿಂದ ಮನುಷ್ಯನು ಕೆಡುಕಿನ ಮೇಲೆ 'ರೋಥ್' ಆಗುತ್ತಾನೆ ಎನ್ನುತ್ತಾನೆ. ನಾಮಪದ ಫ್ರೆಂಚರದ್ದು, ವಿಶೇಷಣ ಆಂಗ್ಲೋ-ಸ್ಯಾಕ್ಸನ್ನರದ್ದು. ಪಾಪದ ಶಾಸ್ತ್ರೀಯ ಹೆಸರನ್ನು ಓದಿದವರ ಭಾಷೆಯಿಂದ ತಂದು, ಮನುಷ್ಯನಿಗೆ ನಿಜವಾಗಿ ಆಗುವುದನ್ನು ಊರ ಮಾತಿನಲ್ಲಿ ಹೇಳಿದ್ದಾನೆ. ವೀರಯೋಧನ ಕಥೆಯಲ್ಲಿ ಯುದ್ಧದೇವತೆ ಮಾರ್ಸ್‌ನ ಗುಡಿಯ ಗೋಡೆಯ ಮೇಲೆ ಚಿತ್ರಿತವಾದ ಕ್ರೂರ 'ಐರ್' ಕೆಂಡದಂತೆ ಕೆಂಪಗಿದೆ. ಇಲ್ಲಿ ಕನ್ನಡಿಗರಿಗೆ ಕಷ್ಟವೇ ಇಲ್ಲ. ಕೋಪದಿಂದ ಕೆಂಡಾಮಂಡಲವಾಗುವುದು ನಮಗೂ ಹಳೆಯ ಮಾತು.

ಇಂದಿನ ಇಂಗ್ಲಿಷಿನಲ್ಲಿ 'ಐರ್' ಉಳಿದಿರುವುದು ಹೆಚ್ಚಾಗಿ ಕವಿತೆಯಲ್ಲಿ ಮತ್ತು ಪತ್ರಿಕೆಗಳ ತಲೆಬರಹದಲ್ಲಿ. ಮೂರೇ ಅಕ್ಷರಗಳ ಪದವಾದ್ದರಿಂದ ಅಂಕಣದ ಅಗಲಕ್ಕೆ ಒಗ್ಗುತ್ತದೆ ಎಂಬುದೇ ತಲೆಬರಹದಲ್ಲಿ ಅದರ ಬಾಳಿಕೆಗೆ ಕಾರಣ. ಗದ್ಯದ ನಡುವೆ ಅದನ್ನು ಬಳಸಿದರೆ ಕೃತಕವಾಗಿ ಕೇಳುತ್ತದೆ. ಹಳೆಯ ಪದ್ಯವನ್ನು ಕನ್ನಡಿಸುವಾಗ ಅದಕ್ಕೆ 'ಮುಳಿಸು' ಚೆನ್ನಾಗಿ ಹೊಂದುತ್ತದೆ; ಎರಡೂ ಚಿಕ್ಕವು, ಎರಡೂ ಈಗ ಕಾವ್ಯಕ್ಕೆ ಮಾತ್ರ ಮೀಸಲಾದವು.

ಆಂಗ್ಲೋ-ಸ್ಯಾಕ್ಸನ್ನರ ಸ್ವಂತ ಪದಗಳು

ಈ ಕಾಲದ ಕೋಪದ ಪದಗಳನ್ನು ಒಟ್ಟಿಗೇ ನೋಡಬೇಕಾದರೆ ಬಿಯೋವುಲ್ಫ್ ಕಾವ್ಯದ 709ರಿಂದ 727ರವರೆಗಿನ ಸಾಲುಗಳಿಗಿಂತ ಒಳ್ಳೆಯ ಜಾಗ ಬೇರೊಂದಿಲ್ಲ. 3182 ಸಾಲುಗಳ ಈ ಕಾವ್ಯ ಉಳಿದು ಬಂದಿರುವುದು ಸುಮಾರು 1000ನೆಯ ಇಸವಿಯ ಒಂದೇ ಒಂದು ಹಸ್ತಪ್ರತಿಯಲ್ಲಿ. 1731ರ ಬೆಂಕಿಯಲ್ಲಿ ಅಂಚು ಸುಟ್ಟುಹೋದ ಆ ಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮೇಲೆ ಹೇಳಿದ ಸಾಲುಗಳಲ್ಲಿ ಗ್ರೆಂಡೆಲ್ ಎಂಬ ರಕ್ಕಸ ರಾತ್ರಿ ಮಂಜಿನ ಬೆಟ್ಟಗಳ ಅಡಿಯಿಂದ ರಾಜಭವನದತ್ತ ನಡೆದು ಬರುತ್ತಾನೆ. ಒಳಗೆ ಎಚ್ಚರವಾಗಿ ಕಾದಿರುವ ವೀರ ಬಿಯೋವುಲ್ಫನು 'ಬೊಲ್ಗೆನ್‌ಮೋಡ್', ಅಂದರೆ ಮನಸ್ಸು ಉಬ್ಬಿದವನು. ಹೊರಗಿನಿಂದ ಬರುವ ರಕ್ಕಸನು ದೇವರ 'ಯುರ್ರೆ'ಯನ್ನು ಹೊತ್ತವನು. ಅವನು ಬಾಗಿಲನ್ನು ಕಿತ್ತು ತೆರೆಯುವಾಗ 'ಯೆಬೊಲ್ಗೆನ್', ಉಬ್ಬಿದ್ದಾನೆ. ಒಳಗೆ ಕಾಲಿಟ್ಟಾಗ 'ಯುರ್ರೆಮೋಡ್', ಮನಸ್ಸು ಕೋಪದಿಂದ ಕದಡಿದವನು. ಅವನ ಕಣ್ಣುಗಳಿಂದ ಜ್ವಾಲೆಯಂಥ ವಿಕಾರವಾದ ಬೆಳಕು ಹೊಮ್ಮುತ್ತದೆ.

ಈ 'ಬೊಲ್ಗೆನ್' ಎಂಬುದರ ಮೂಲ ಕ್ರಿಯಾಪದ 'ಬೆಲ್ಗನ್', ಉಬ್ಬು ಎಂದರ್ಥ. ಹೊಟ್ಟೆಗಿರುವ 'ಬೆಲಿ', ಕಮ್ಮಾರನ ತಿದಿಗಿರುವ 'ಬೆಲೋಸ್' ಅದರ ಬಳಗ. ಕವಿ ಈ ಪದವನ್ನು ವೀರನಿಗೂ ರಕ್ಕಸನಿಗೂ ಮುಂದೆ ಘಟಸರ್ಪಕ್ಕೂ ಭೇದವಿಲ್ಲದೆ ಬಳಸುತ್ತಾನೆ ಎಂಬುದನ್ನು ಅನುವಾದಕರು ಗಮನಿಸಬೇಕು. ಒಬ್ಬನಿಗೆ 'ವೀರಾವೇಶ', ಇನ್ನೊಬ್ಬನಿಗೆ 'ರಾಕ್ಷಸಕ್ರೋಧ' ಎಂದು ಬೇರೆ ಪದ ಹಾಕಿದರೆ ಕವಿ ಬೇಕೆಂದೇ ಇಟ್ಟ ಸಾಮ್ಯ ಅಳಿಸಿಹೋಗುತ್ತದೆ. ನನ್ನ ಆಯ್ಕೆ 'ಕೆರಳು'. ಕನ್ನಡದಲ್ಲಿ ಮನುಷ್ಯನೂ ಕೆರಳುತ್ತಾನೆ, ಹಾವೂ ಕೆರಳುತ್ತದೆ, ಹುಣ್ಣೂ ಕೆರಳಿ ಊದಿಕೊಳ್ಳುತ್ತದೆ. ಉಬ್ಬುವ ಅರ್ಥವೂ ಕೋಪದ ಅರ್ಥವೂ ಒಂದೇ ಪದದಲ್ಲಿ ಸಿಗುವುದು ಭಾಗ್ಯವೇ ಸರಿ. 'ಮುಖ ಊದಿಸಿಕೊಳ್ಳು' ಎಂಬುದು ಮೇಲ್ನೋಟಕ್ಕೆ ಇನ್ನೂ ಹತ್ತಿರವೆನಿಸಿದರೂ ಅದು ಮುನಿಸಿನ ಮಾತು, ಕೊಲ್ಲಲು ಹೊರಟವರಿಗೆ ಸಲ್ಲದು.

'ಯುರ್ರೆ'ಯ ವಿಷಯದಲ್ಲಿ ಮಾತ್ರ ಮೂಲಾರ್ಥವನ್ನು ಅತಿಯಾಗಿ ಹೇರುವುದು ತಪ್ಪಾಗುತ್ತದೆ. ಗ್ರೆಂಡೆಲ್ ದಾರಿ ತಪ್ಪಿದವನು ಎಂದು ಹೇಳುವುದು ಹಿತವಾಗಿಯೇ ಇದೆ. ಆದರೆ ಅದೇ ಕಾವ್ಯದಲ್ಲಿ ರಕ್ಕಸನ ತಾಯಿಯ ಗುಹೆಯೊಳಗೆ ಕತ್ತಿಯೆತ್ತಿ ನಿಂತ ವೀರನೂ 'ಯುರ್ರೆ ಆಂಡ್ ಆನ್‌ರ‍್ಯಾಡ್', ಕೋಪಗೊಂಡವನು ಮತ್ತು ಮನಸ್ಸು ಗಟ್ಟಿ ಮಾಡಿಕೊಂಡವನು. 991ರಲ್ಲಿ ಎಸೆಕ್ಸಿನ ಮಾಲ್ಡನ್ ಬಳಿ ನಡೆದ ಕದನವನ್ನು ಕುರಿತ ಕವಿತೆಯಲ್ಲಿ, ಕಪ್ಪ ಕೇಳಲು ಬಂದ ವೈಕಿಂಗ್ ದೂತನಿಗೆ ಇಂಗ್ಲಿಷ್ ಪಡೆಯ ನಾಯಕ ಬಿರ್ತ್‌ನಾತ್ ಉತ್ತರ ಕೊಡುವಾಗಲೂ ಅದೇ ಎರಡು ಪದಗಳ ಜೋಡಿ ಬರುತ್ತದೆ. ಒಂದೇ ಗುರಿಗೆ ಮನಸ್ಸು ನೆಟ್ಟವನನ್ನು ದಾರಿ ತಪ್ಪಿದವನು ಎನ್ನಲಾಗದು. ಆ ಹೊತ್ತಿಗೆ 'ಯುರ್ರೆ' ಸಾಮಾನ್ಯವಾದ ಕೋಪದ ಪದವಾಗಿ ಸವೆದಿತ್ತು ಎಂದೇ ತಿಳಿಯಬೇಕು. ಪದದ ಮೂಲವು ಅದರ ಮೊದಲ ಹೆಜ್ಜೆಯನ್ನು ತೋರಿಸುತ್ತದೆ, ಅದು ಬಂದು ನಿಂತ ಜಾಗವನ್ನು ಆ ಕಾಲದ ವಾಕ್ಯಗಳೇ ತೋರಿಸಬೇಕು.

'ಟೊರ್ನ್' ಎಂಬ ಪದದಲ್ಲಿ ದುಃಖ ಮತ್ತು ಕೋಪ ಬೇರೆ ಬೇರೆಯಾಗಿಲ್ಲ. ಗ್ರೆಂಡೆಲನ ಹಾವಳಿಯಿಂದ ಹನ್ನೆರಡು ವರ್ಷ ಮುದುಕ ರಾಜನು 'ಟೊರ್ನ್' ಅನುಭವಿಸಿದನು ಎಂಬಲ್ಲಿ ಅದು ಸಂಕಟ. ಕಾವ್ಯದ ಕೊನೆಯ ಭಾಗದಲ್ಲಿ ವೀರನು ಹನ್ನೆರಡು ಜನರ ತಂಡದಲ್ಲಿ ಘಟಸರ್ಪವನ್ನು ನೋಡಹೊರಟಾಗ 'ಟೊರ್ನ್'ನಿಂದ ಉಬ್ಬಿದ್ದನು ಎಂಬಲ್ಲಿ ಅದು ಸಿಟ್ಟು. ಜರ್ಮನ್ ಭಾಷೆಯ 'ತ್ಸೋರ್ನ್' ಎಂಬ ಇದರ ಸೋದರ ಪದ ಇಂದಿಗೂ ಕೋಪವನ್ನೇ ಸೂಚಿಸುತ್ತದೆ. 'ಗ್ರಮ' ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದಿದೆ: ಆಂಗ್ಲೋ-ಸ್ಯಾಕ್ಸನ್ನಿನಲ್ಲಿ ಅದು ಕೋಪ, ಜರ್ಮನ್ನಿನಲ್ಲಿ 'ಗ್ರಾಮ್' ಎಂದರೆ ಕೊರಗು. ಕಠೋರ ಎಂಬ ಅರ್ಥದ 'ಗ್ರಿಮ್' ಅದೇ ಬಳಗದ್ದಾಗಿ ಇಂಗ್ಲಿಷಿನಲ್ಲಿ ಉಳಿದಿದೆ. ಇಂಥ ಪದಗಳಿಗೆ ಕ್ರೋಧ, ರೋಷ ಎಂಬ ಸಂಸ್ಕೃತದ ತಿಳಿಯಾದ ಪದಗಳು ಒಗ್ಗುವುದಿಲ್ಲ. 'ಒಡಲುರಿ' ಎಂಬ ಕನ್ನಡದ ಮಾತು ಎರಡು ಭಾವಗಳನ್ನೂ ಒಟ್ಟಿಗೆ ಹಿಡಿಯುತ್ತದೆ.

ಸಮಾಸಪದಗಳು ಇನ್ನೊಂದು ಬಗೆ. 'ಹಾಟ್‌ಹೆಒರ್ಟ್' ಎಂದರೆ ಬಿಸಿಯಾದ ಎದೆಯುಳ್ಳವನು. 'ವೇಅಮೋಡ್' ಎಂದರೆ ಮನಸ್ಸಿನಲ್ಲಿ ಸಂಕಟವುಳ್ಳವನು, ಅಂದರೆ ಬಲುಬೇಗ ರೇಗುವವನು. ಇದರಲ್ಲಿಯೂ ಮೇಲಿನ 'ಬೊಲ್ಗೆನ್‌ಮೋಡ್'ನಲ್ಲಿಯೂ ಬರುವ 'ಮೋಡ್' ಇಂದಿನ 'ಮೂಡ್' ಆಗಿದೆ. ಆಗ ಅದಕ್ಕೆ ಮನಸ್ಸು, ಧೈರ್ಯ, ಹೆಮ್ಮೆ ಎಂಬೆಲ್ಲ ಅರ್ಥಗಳಿದ್ದವು.

'ರೇಜ್', 'ಫ್ಯೂರಿ', ಮತ್ತು ಮರೆತುಹೋದ 'ವುಡ್'

ಕೋಪ ಹುಚ್ಚಿನ ಗಡಿ ದಾಟಿದಾಗ ಇಂಗ್ಲಿಷಿನಲ್ಲಿ ಮೂರು ಪದಗಳು ಎದುರಿಗೆ ಬರುತ್ತವೆ. 'ರೇಜ್' ಹುಟ್ಟಿದ್ದು ಲ್ಯಾಟಿನ್ನಿನ 'ರಬೀಸ್' ಎಂಬುದರಿಂದ, ಫ್ರೆಂಚ್ ಮೂಲಕ. ಹುಚ್ಚುನಾಯಿ ಕಡಿದು ಬರುವ ರೇಬೀಸ್ ರೋಗದ ಹೆಸರೂ ಅದೇ ಪದ. ಆದ್ದರಿಂದ ಹಳೆಯ ಗ್ರಂಥಗಳಲ್ಲಿ 'ರೇಜ್' ಕಂಡಾಗಲೆಲ್ಲ ಅದು ಕೋಪವೋ ಉನ್ಮಾದವೋ ಎಂದು ಒಂದು ಕ್ಷಣ ನಿಂತು ಕೇಳಬೇಕು. ಷೇಕ್ಸ್‌ಪಿಯರನ ಕಾಲದಲ್ಲಿ ಎರಡನೆಯ ಅರ್ಥ ಇನ್ನೂ ಪೂರ್ತಿ ಜೀವಂತವಾಗಿತ್ತು. 'ಫ್ಯೂರಿ' ಕೂಡ ಲ್ಯಾಟಿನ್ ಮೂಲದ್ದೇ. ಆದರೆ ಅದರ ಹಿಂದೆ ದೇವತೆಗಳಿದ್ದಾರೆ. ರಕ್ತಸಂಬಂಧಿಗಳನ್ನು ಕೊಂದವರ ಬೆನ್ನು ಹತ್ತಿ ಕಾಡುವ, ಗ್ರೀಕರು ಎರಿನಿಯಸ್ ಎಂದು ಕರೆದ ಅಲೆಕ್ಟೊ, ಮೆಗೈರಾ, ಟಿಸಿಫೋನಿ ಎಂಬ ಮೂವರನ್ನು ರೋಮನ್ನರು ಫ್ಯೂರಿಗಳೆಂದು ಕರೆದರು. ಮೈಮೇಲೆ ಬಂದದ್ದು ಎಂಬ ಭಾವ ಇರುವಲ್ಲಿ, ಸೇಡಿನ ಬೆನ್ನಟ್ಟುವಿಕೆ ಇರುವಲ್ಲಿ 'ಫ್ಯೂರಿ'ಯೇ ತಕ್ಕ ಪದ. ಕನ್ನಡದಲ್ಲಿ ಅದಕ್ಕೆ 'ಆವೇಶ' ಬೇಕು. ಬುದ್ಧಿಯ ಕಟ್ಟು ಒಡೆದ ಕೋಪವಾದರೆ 'ರೇಜ್'.

ಇವೆರಡೂ ಬರುವ ಮೊದಲು ಈ ಕೆಲಸ ಮಾಡುತ್ತಿದ್ದುದು 'ವೋಡ್' ಎಂಬ ಆಂಗ್ಲೋ-ಸ್ಯಾಕ್ಸನ್ ಪದ. ಜರ್ಮನ್ನಿನ 'ವೂಟ್' ಅದರ ಸೋದರ; ವೋಡೆನ್ ಅಥವಾ ಓಡಿನ್ ಎಂಬ ದೇವತೆಯ ಹೆಸರೂ ಆ ಧಾತುವಿನದೇ, ಬುಧವಾರಕ್ಕೆ ಇಂಗ್ಲಿಷಿನಲ್ಲಿ ಇರುವುದು ಅವನ ಹೆಸರು. 11ನೆಯ ಶತಮಾನದ ಚರಿತ್ರೆಕಾರ ಬ್ರೆಮೆನ್ನಿನ ಆಡಮ್ ಆ ದೇವತೆಯ ಹೆಸರನ್ನು ಲ್ಯಾಟಿನ್ನಿನಲ್ಲಿ ವಿವರಿಸುವಾಗ ಇಟ್ಟ ಪದ 'ಫ್ಯೂರರ್', ಆವೇಶ. 'ವೋಡ್' ಎಂಬ ಆ ಪದ ಮುಂದೆ 'ವುಡ್' ಎಂಬ ರೂಪ ತಾಳಿ ಕಾಡಿನ 'ವುಡ್' ಜೊತೆ ಬೆರೆತುಹೋಯಿತು. ಷೇಕ್ಸ್‌ಪಿಯರನ ಎ ಮಿಡ್‌ಸಮರ್ ನೈಟ್ಸ್ ಡ್ರೀಮ್ ನಾಟಕದ ಎರಡನೆಯ ಅಂಕದಲ್ಲಿ ಪ್ರೇಯಸಿಯನ್ನು ಕಾಣದ ಡೆಮೆಟ್ರಿಯಸ್ ತಾನು ಈ 'ವುಡ್'ನೊಳಗೆ 'ವುಡ್' ಆಗಿದ್ದೇನೆ ಎನ್ನುತ್ತಾನೆ. ಕಾಡಿನೊಳಗೆ ಹುಚ್ಚನಾಗಿದ್ದೇನೆ ಎಂದು ಅರ್ಥ. ಟಿಪ್ಪಣಿ ನೋಡದೆ ಇದನ್ನು ಅನುವಾದಿಸಿದರೆ ಮರದಂತೆ ನಿಂತಿದ್ದೇನೆ ಎಂದು ಬರೆಯುವ ಅಪಾಯವಿದೆ.

ಪಿತ್ತ ಮತ್ತು ಗುಲ್ಮ

'ಕಾಲರ್' ಕನ್ನಡಿಗರಿಗೆ ಅತಿ ಸುಲಭವಾಗಿ ದಕ್ಕುವ ಪದ ಎಂದರೆ ತಪ್ಪಲ್ಲ. ಗ್ರೀಕ್ ವೈದ್ಯದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಸಮತೋಲದಿಂದ ಆರೋಗ್ಯ ಮತ್ತು ಸ್ವಭಾವ ನಿರ್ಧಾರವಾಗುತ್ತದೆ ಎಂಬ ತತ್ತ್ವವಿತ್ತು. 2ನೆಯ ಶತಮಾನದ ಗ್ಯಾಲೆನ್ನನ ಮೂಲಕ ಅದು ಮಧ್ಯಯುಗದ ಯುರೋಪನ್ನು ಆಳಿತು. ಹಳದಿ ಪಿತ್ತ ಹೆಚ್ಚಾದವನು ಮುಂಗೋಪಿ. ಪಿತ್ತಕ್ಕಿದ್ದ ಗ್ರೀಕ್ ಪದದಿಂದಲೇ 'ಕಾಲರ್' ಎಂಬ ಕೋಪದ ಪದವೂ 'ಕಾಲರಾ' ಎಂಬ ರೋಗದ ಹೆಸರೂ ಕಪ್ಪು ಪಿತ್ತವೆಂಬ ಅರ್ಥದ 'ಮೆಲಂಕಲಿ'ಯೂ ಹುಟ್ಟಿದವು. ಚಾಸರನ ಯಾತ್ರಿಕರಲ್ಲಿ ಜಮೀನಿನ ಮೇಲ್ವಿಚಾರಕನು ಸಣಕಲು ಮೈಯ 'ಕಾಲರಿಕ್' ಮನುಷ್ಯ ಎಂದಾಗ ಆ ಕಾಲದ ಓದುಗರಿಗೆ ಅವನ ದೇಹವೂ ಸ್ವಭಾವವೂ ಒಟ್ಟಿಗೇ ತಿಳಿಯುತ್ತಿತ್ತು. ಆಯುರ್ವೇದದ ವಾತ, ಪಿತ್ತ, ಕಫಗಳು ಆ ನಾಲ್ಕು ರಸಗಳಿಗೆ ಸರಿಸಮವಲ್ಲ, ಲೆಕ್ಕವೂ ಬೇರೆ, ಚೌಕಟ್ಟೂ ಬೇರೆ. ಆದರೂ 'ಪಿತ್ತ ನೆತ್ತಿಗೇರಿತು' ಎಂದು ಕೋಪವನ್ನು ಹೇಳುವ ಭಾಷೆಯವರು ಈ ಪದದ ಮುಂದೆ ತಡವರಿಸಬೇಕಾಗಿಲ್ಲ.

ಇದನ್ನು ಆರಿಸಬೇಕಾದದ್ದು ಕೋಪವನ್ನು ಸ್ವಭಾವದೋಷವಾಗಿ ಕಾಣುವಾಗ. ಜೂಲಿಯಸ್ ಸೀಸರ್ ನಾಟಕದ ನಾಲ್ಕನೆಯ ಅಂಕದ ಜಗಳದಲ್ಲಿ ಬ್ರೂಟಸ್‌, ನಿನ್ನ ದುಡುಕಿನ 'ಕಾಲರ್'ಗೆ ನಾನು ದಾರಿ ಬಿಡಬೇಕೆ ಎಂದು ಕ್ಯಾಸಿಯಸ್ಸನನ್ನು ಕೇಳುತ್ತಾನೆ. ಮುಂದುವರಿದು, ನಿನ್ನ 'ಸ್ಪ್ಲೀನ್'ನ ವಿಷವನ್ನು ಹೊಟ್ಟೆ ಸೀಳಿದರೂ ನೀನೇ ಜೀರ್ಣಿಸಿಕೊ ಎನ್ನುತ್ತಾನೆ. 'ಸ್ಪ್ಲೀನ್' ಎಂದರೆ ಗುಲ್ಮ. ಗೆಳೆಯನ ಕೋಪಕ್ಕೆ ನ್ಯಾಯವಾದ ಕಾರಣ ಇರಬಹುದು ಎಂಬುದನ್ನೇ ಒಪ್ಪದೆ, ಅದನ್ನು ಅಂಗಾಂಗಗಳ ಕಾಯಿಲೆಯಾಗಿ ಇಳಿಸಿಬಿಡುವ ಮಾತುಗಾರಿಕೆ ಇದು. ಇಲ್ಲಿ 'ಕೋಪ' ಎಂದು ಬರೆದರೆ ಬ್ರೂಟಸ್ಸನ ತಿರಸ್ಕಾರವೇ ಮಾಯವಾಗುತ್ತದೆ. ಪಿತ್ತ, ಹೊಟ್ಟೆ, ವಿಷ ಎಂಬುವನ್ನು ಉಳಿಸಿಕೊಳ್ಳಲೇಬೇಕು. 18ನೆಯ ಶತಮಾನದ ಬರಹಗಳಲ್ಲಿ 'ಸ್ಪ್ಲೀನ್' ಹಲವೊಮ್ಮೆ ಮಂಕು ಕವಿದ ಮನಸ್ಸನ್ನು ಸೂಚಿಸುವುದರಿಂದ ಅಲ್ಲಿ ಮತ್ತೆ ಎಚ್ಚರ ಬೇಕು.

ಉಳಿದ ಪದಗಳನ್ನು ಬೇಗ ದಾಟಬಹುದು. 'ಇಂಡಿಗ್ನೇಷನ್' ಎಂಬುದು ತಕ್ಕದ್ದಲ್ಲ ಎಂದು ಎಣಿಸುವ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಅನ್ಯಾಯ ಕಂಡು ಬರುವ ಕೋಪಕ್ಕೆ ಮಾತ್ರ ಅದು ಸಲ್ಲುತ್ತದೆ, 'ಸಾತ್ವಿಕ ಸಿಟ್ಟು' ಅದಕ್ಕೆ ಸರಿಯಾದ ಜೋಡಿ. 'ರಿಸೆಂಟ್‌ಮೆಂಟ್' ಮತ್ತೆ ಮತ್ತೆ ಅನುಭವಿಸುವುದು, ಆರದ ಒಳಗುದಿ. 'ಅಂಬ್ರೇಜ್' ಎಂದರೆ ಮೂಲದಲ್ಲಿ ನೆರಳು. ತನ್ನ ಮರ್ಯಾದೆಯ ಮೇಲೆ ನೆರಳು ಬಿದ್ದಿತೆಂದು ಮನಸ್ಸಿಗೆ ಹಚ್ಚಿಕೊಳ್ಳುವುದು. 'ಪೀಕ್' ಚುಚ್ಚಿದ ಮುಳ್ಳಿನ ನೋವು, ನಮ್ಮ ಮುನಿಸು. 'ಡಜ್ಜನ್' ಎಂಬ 16ನೆಯ ಶತಮಾನದ ಪದದ ಹುಟ್ಟು ಯಾರಿಗೂ ಗೊತ್ತಿಲ್ಲ. ಧುಮುಗುಟ್ಟುತ್ತ ಎದ್ದು ಹೊರನಡೆದವರಿಗೆ ಅದು ಇಂದಿಗೂ ಮೀಸಲು.

ಆಯ್ಕೆಯ ಎರಡು ಪರೀಕ್ಷೆಗಳು

ಈ ಪದಗಳ ನಡುವೆ ಆರಿಸುವುದು ಎಷ್ಟು ಗಂಭೀರವಾದ ಕೆಲಸ ಎಂಬುದಕ್ಕೆ ಇಲಿಯಡ್ ಕಾವ್ಯದ ಮೊದಲ ಪದವೇ ಸಾಕ್ಷಿ. ಗ್ರೀಕಿನಲ್ಲಿ ಆ ಪದ 'ಮೇನಿಸ್', ಕಾವ್ಯದ ನಾಯಕ ಅಕಿಲೀಸನ ಕೋಪ. ಅದನ್ನು ಇಂಗ್ಲಿಷಿಗೆ ತಂದವರಲ್ಲಿ ಚಾಪ್‌ಮನ್ 1611ರಲ್ಲಿಯೂ ಪೋಪ್ 1715ರಲ್ಲಿಯೂ 'ರಾಥ್' ಎಂದರು. ಲ್ಯಾಟಿಮೋರ್ 1951ರಲ್ಲಿ 'ಆ್ಯ‌ಂಗರ್' ಎಂದರು. ಫೇಗಲ್ಸ್ 1990ರಲ್ಲಿ 'ರೇಜ್' ಎಂಬ ಒಂದೇ ಪದದಿಂದ ಕಾವ್ಯವನ್ನು ಸಿಡಿಸಿದರು. 2023ರಲ್ಲಿ ಎಮಿಲಿ ವಿಲ್ಸನ್ ಮತ್ತೆ 'ರಾಥ್'ಗೆ ಹಿಂದಿರುಗಿದರು. ಲ್ಯಾಟಿಮೋರ್ ಅವರ ಅಕಿಲೀಸ್ ನೊಂದ ಮನುಷ್ಯ, ಫೇಗಲ್ಸ್ ಅವರ ಅಕಿಲೀಸ್ ಕಟ್ಟು ಹರಿದ ಶಕ್ತಿ. ಆದರೆ ಗ್ರೀಕಿನ 'ಮೇನಿಸ್' ಹೆಚ್ಚಾಗಿ ದೇವತೆಗಳ ಕೋಪಕ್ಕೆ ಸಲ್ಲುವ ಪದವಾದ್ದರಿಂದ ನನ್ನ ಒಲವು 'ರಾಥ್' ಕಡೆಗೇ.

ಇನ್ನೊಂದು ಪರೀಕ್ಷೆಗೆ ಕಿಂಗ್ ಲಿಯರ್ ಒಂದೇ ನಾಟಕ ಸಾಕು. ಮೊದಲ ದೃಶ್ಯದಲ್ಲಿ, ಕಿರಿಯ ಮಗಳನ್ನು ತೊರೆಯದಂತೆ ತಡೆಯಲು ಬಂದ ಸಾಮಂತ ಕೆಂಟ್‌ಗೆ ಅರಸ ಲಿಯರ್, ಘಟಸರ್ಪಕ್ಕೂ ಅದರ 'ರಾಥ್'ಗೂ ನಡುವೆ ಬರಬೇಡ ಎನ್ನುತ್ತಾನೆ. ಕಿರೀಟ ಇನ್ನೂ ತನ್ನ ತಲೆಯ ಮೇಲಿದೆ ಎಂದು ನಂಬಿರುವ ಅರಸನ ಪದ ಅದು, 'ಕ್ರೋಧ' ಎಂದೇ ಇರಬೇಕು. ಅದೇ ದೃಶ್ಯದ ಕೊನೆಗೆ ಹಿರಿಯ ಮಗಳು ಗಾನೆರಿಲ್, ತಂದೆಯದು ಮುದಿತನದ 'ಕಾಲರಿಕ್' ವರ್ಷಗಳು ತರುವ ಹಟಮಾರಿತನ ಎಂದು ತಂಗಿಗೆ ಹೇಳುತ್ತಾಳೆ. ರಾಜನ ಕ್ರೋಧವನ್ನು ಅವಳು ಮುದುಕನ ಪಿತ್ತವಾಗಿ ಇಳಿಸಿದ್ದಾಳೆ. ಎರಡನೆಯ ಅಂಕದಲ್ಲಿ, ಅನುಚರರನ್ನೆಲ್ಲ ಕಳೆದುಕೊಳ್ಳುತ್ತಿರುವ ಲಿಯರ್, ಕಣ್ಣೀರು ತನ್ನ ಕೆನ್ನೆಯನ್ನು ಕಲೆ ಮಾಡದಿರಲಿ, ಉದಾತ್ತವಾದ 'ಆ್ಯಂಗರ್' ತನ್ನನ್ನು ಮುಟ್ಟಲಿ ಎಂದು ದೇವತೆಗಳನ್ನು ಬೇಡುತ್ತಾನೆ. ಅಳುವಿಗೂ ಸಿಟ್ಟಿಗೂ ನಡುವೆ ನಿಂತವನ ಬಾಯಲ್ಲಿ, ಸಂಕಟದಿಂದ ಹುಟ್ಟಿದ ಪದವೇ ಬಂದಿದೆ. ಅಲ್ಲಿ 'ಕ್ರೋಧ' ಸುಳ್ಳಾಗುತ್ತದೆ, 'ಸಿಟ್ಟು' ಎಂಬುದೇ ನಿಜ. ಮೂರನೆಯ ಅಂಕದ ಬಯಲಿನಲ್ಲಿ ಅವನು ಬಿರುಗಾಳಿಗೆ 'ರೇಜ್' ಎಂದು ಆಜ್ಞೆ ಮಾಡುತ್ತಾನೆ, ಭೋರ್ಗರೆ ಎಂದು. ನಾಲ್ಕನೆಯ ಅಂಕದ ಕೊನೆಯಲ್ಲಿ ನಿದ್ದೆಯಿಂದ ಎಚ್ಚತ್ತ ಲಿಯರನನ್ನು ಕಂಡು ವೈದ್ಯನು ಕಿರಿಯ ಮಗಳಿಗೆ, ಸಮಾಧಾನ ಮಾಡಿಕೊಳ್ಳಿ, ಆ ದೊಡ್ಡ 'ರೇಜ್' ಅವನಲ್ಲಿ ಸತ್ತಿದೆ ಎನ್ನುತ್ತಾನೆ. ಈ ಕೊನೆಯ ವಾಕ್ಯವನ್ನು 'ಅವನ ಕೋಪ ಇಳಿದಿದೆ' ಎಂದು ಕನ್ನಡಿಸಿದರೆ ವೈದ್ಯನಿಗೆ ಅನ್ಯಾಯವಾಗುತ್ತದೆ. ಅವನು ಹೇಳುತ್ತಿರುವುದು ಉನ್ಮಾದದ ಮಾತು, 'ಆ ಮಹಾ ಉನ್ಮಾದ ಅವರಲ್ಲಿ ಅಡಗಿಹೋಗಿದೆ, ತಾಯಿ' ಎಂದೇ ಬರೆಯಬೇಕು.